ಮೇಷ್ಟ್ರಿಗೆ, ಮತ್ತು ಉಳಿದ ಎಲ್ಲರಿಗೂ

ನಮ್ಮ ಉದ್ಯಾನದ ಜಾಗದಲ್ಲಿ ವಾಹನ ನಿಲುಗಡೆ ಕಟ್ಟಡ ಬರುವುದಿಲ್ಲ. ಈ ಸಾಲನ್ನು ಬರೆದು ಎರಡು ಸಲ ಓದಿಕೊಂಡೆ. ಅರ್ಜಿ, ಅಹವಾಲು, ಮುಂದೂಡಿದ ವಿಚಾರಣೆಗಳ ಕಥೆ ನಿಮಗೆಲ್ಲ ಬಾಯಿಪಾಠ. ಅದನ್ನು ಮತ್ತೆ ಹೇಳುವುದಿಲ್ಲ.

ಮನೆಮನೆ ಸುತ್ತಿ ಸಹಿ ಸಂಗ್ರಹಿಸಿದವರು, ಮುಳ್ಳುಪೊದೆ ಸವರಿದವರು, ಹಳೆಯ ನಕ್ಷೆಯ ಪ್ರತಿ ಹುಡುಕಿ ತೆಗೆಸಿದವರು, ಬಿಡಿಗಾಸು ಮುಟ್ಟದೆ ವಾದಿಸಿದ ವಕೀಲರು, ಮುರಿದ ಜಾರುಬಂಡಿಯ ಚಿತ್ರ ಬರೆದು ಅಧಿಕಾರಿಗಳಿಗೆ ಕಳಿಸಿದ ಮಕ್ಕಳು: ನಿಮಗೆಲ್ಲ ಕೈಮುಗಿಯುತ್ತೇನೆ. ಒಂದೇ ವಾಕ್ಯದಲ್ಲಿ ಮುಗಿಸಿದಳೆಂದು ಬೇಸರಿಸಬೇಡಿ. ಉಳಿದ ಜಾಗವೆಲ್ಲ ಮೇಷ್ಟ್ರಿಗೆ ಬೇಕು.

ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು ನಮ್ಮ ಮನವಿಗೆ ಸಹಿ ಹಾಕಿದವರೇ ಅಲ್ಲ. ಮೂರು ಸಲ ಅವರ ಬಾಗಿಲು ತಟ್ಟಿದ್ದೆ. "ಮರ ಎಷ್ಟಿವೆ, ಯಾವುವು ಎಂದು ಬರೆದಿಲ್ಲವಲ್ಲ. ಹಸಿರು ಉಳಿಸಿ ಎಂದರೆ ಯಾವ ಹಸಿರು?" ಎಂದು ಕಾಗದ ಹಿಂದಿರುಗಿಸಿದ್ದರು. ಅಹಂಕಾರದ ಮನುಷ್ಯ ಎಂದು ನಾನು ನಾಲ್ಕು ಜನರ ಮುಂದೆ ಆಡಿಕೊಂಡದ್ದೂ ಉಂಟು.

ಕಡೆಯ ವಿಚಾರಣೆಯ ಹಿಂದಿನ ಸಂಜೆ ಎದುರು ಪಕ್ಷದ ವರದಿ ಕೈಗೆ ಬಂತು. ಇಡೀ ಜಾಗದಲ್ಲಿ ಮರವೆನ್ನಬಹುದಾದದ್ದು 11, ಉಳಿದದ್ದು ಪೊದೆ ಎಂದು ಅದರಲ್ಲಿತ್ತು. ಸುಳ್ಳೆನ್ನಲು ನಮ್ಮ ಬಳಿ ಒಂದು ಹಾಳೆಯೂ ಇರಲಿಲ್ಲ. ನಮ್ಮೊಳಗೇ ಜಗಳವಾಯಿತು, ಆಡಬಾರದ ಮಾತು ಆಡಿದೆ, ಜೊತೆಗಿದ್ದವರು ಎದ್ದು ಹೋದರು. ಮುರಿದ ಬೆಂಚಿನ ಮೇಲೆ ಒಬ್ಬಳೇ ಕುಳಿತು ಅತ್ತೆ. ಮರಗಳಿಗಾಗಿ ಅತ್ತೆನೆಂದು ಹೇಳಿಕೊಳ್ಳುವ ಆಸೆಯಿದೆ. ಸೋತವಳೆಂದು ನಾಳೆ ಎಲ್ಲರೆದುರು ನಿಲ್ಲಬೇಕಲ್ಲ, ಆ ಅವಮಾನಕ್ಕೆ ಅತ್ತದ್ದು.

ರಾತ್ರಿ ಹತ್ತೂವರೆಗೆ ಮೇಷ್ಟ್ರು ಬಂದರು. ಕೈಯಲ್ಲಿ ಅಳತೆ ಟೇಪು, ಸೀಮೆಸುಣ್ಣದ ಡಬ್ಬಿ. "ಅತ್ತು ಮುಗಿಯಿತೇನಮ್ಮ? ಮುಗಿದಿದ್ದರೆ ಟಾರ್ಚ್ ಹಿಡಿ."

ಒಂದೊಂದೇ ಮರದ ಎದೆಮಟ್ಟದ ಸುತ್ತಳತೆ ಹಿಡಿದು, ಕಾಂಡದ ಮೇಲೆ ಸಂಖ್ಯೆ ಬರೆದು, ಹೆಸರು ಹೇಳುತ್ತ ಹೋದರು, ನಾನು ಬರೆದುಕೊಂಡೆ. ಇಪ್ಪತ್ತು ದಾಟುವ ಹೊತ್ತಿಗೆ ಮಳೆ ಹಿಡಿಯಿತು. ನಾನು ಮಳೆಮರದ ಕೆಳಗೆ ಓಡಿದೆ. "ಅಲ್ಲಿ ನಿಂತರೂ ನೆನೆಯುತ್ತೀಯ. ಅದು ಕತ್ತಲಾದರೆ ಎಲೆ ಮಡಚುತ್ತದೆ" ಎಂದರು. ಟಾರ್ಚ್ ಎತ್ತಿ ನೋಡಿದೆ. ಜೋಡಿ ಜೋಡಿಯಾಗಿ ಮುಚ್ಚಿಕೊಂಡ ಎಲೆಗಳ ಸಂದಿನಿಂದ ಹನಿ ನೇರ ಕಣ್ಣಿಗೇ ಬಿತ್ತು. ಹತ್ತು ವರ್ಷ ಅದರಡಿ ನಡೆದಾಡಿದವಳು ನಾನು!

ಸೀಮೆಸುಣ್ಣ ತೊಳೆದುಹೋಯಿತು. ಮೇಷ್ಟ್ರು ಮನೆಯತ್ತ ನಡೆದಾಗ, ಇನ್ನು ಬರುವುದಿಲ್ಲವೆಂದೇ ಎಣಿಸಿದೆ. ಹಳೆಯ ಬೆಡ್‌ಶೀಟ್ ಹರಿದು ಪಟ್ಟಿ ಮಾಡಿಕೊಂಡು ಬಂದರು. ಮತ್ತೆ ಒಂದರಿಂದ ಶುರು. ನಡುವೆ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಓಕ್ ಮರವೊಂದರ ಕಥೆ ಹೇಳಿದರು. ಜನರ ತುಳಿತಕ್ಕೆ ಮಣ್ಣು ಗಟ್ಟಿಯಾಗಿ ಸೊರಗಿದ್ದ ಮರ ಅದು. 1987ರ ಬಿರುಗಾಳಿ ಅದನ್ನು ಬೇರುಸಹಿತ ಎತ್ತಿ ಮತ್ತೆ ಅಲ್ಲೇ ಕೂರಿಸಿತಂತೆ. ಮಣ್ಣು ಸಡಿಲಾಗಿ, ಬೇರಿಗೆ ಗಾಳಿ ಆಡಿ, ಆಮೇಲೆ ಮರ ಚೇತರಿಸಿಕೊಂಡಿತಂತೆ. ನನಗೆ ಸಮಾಧಾನ ಹೇಳುತ್ತಿದ್ದಾರೆಂದು ಗಂಟಲು ಕಟ್ಟಿತು. ಕಥೆ ಮುಗಿದದ್ದೇ, "ಈ ಮರದ ಬುಡದ ಸಿಮೆಂಟು ಅಗೆಸಬೇಕು, ಬರೆದುಕೋ" ಎಂದರು.

ಬೆಳಗಿನ ಜಾವ ನಾಲ್ಕಕ್ಕೆ ಲೆಕ್ಕ 63ಕ್ಕೆ ನಿಂತಿತು. ಹತ್ತು ಗಂಟೆಗೆ ಪಟ್ಟಿ ಅಧಿಕಾರಿಗಳ ಮೇಜಿನ ಮೇಲಿತ್ತು.

ಅಂದು ಎದ್ದು ಹೋದವರಲ್ಲಿ ಕ್ಷಮೆ ಕೇಳುತ್ತೇನೆ. ತಪ್ಪು ನನ್ನದೇ. ಮೇಷ್ಟ್ರಿಗೆ ಸನ್ಮಾನ ಮಾಡೋಣ ಎಂದವರಿಗೆ ಅವರು ಕೊಟ್ಟ ಉತ್ತರ ಇದು: ಮೊದಲು ಆ ಬಟ್ಟೆಪಟ್ಟಿಗಳನ್ನು ಬಿಚ್ಚಿ, ಕಾಂಡ ದಪ್ಪವಾದರೆ ತೊಗಟೆ ಬಿಗಿಯುತ್ತದೆ. ಗಂಟು ಹಾಕಿದವಳು ನಾನು, ಅದೂ ಒದ್ದೆ ಬಟ್ಟೆಯಲ್ಲಿ, ಬರಿಗೈಗೆ ಬಗ್ಗುವಂಥವಲ್ಲ. ಭಾನುವಾರ ಬೆಳಿಗ್ಗೆ ಆರೂವರೆಗೆ ಬನ್ನಿ, ಕತ್ತರಿ ತನ್ನಿ.