ಮೂರು ಮೂಟೆ ಹಳೆಯ ಬಟ್ಟೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮನೆ ಬದಲಿಸುವಾಗ ಕಪಾಟಿನಿಂದ ಮೂರು ಮೂಟೆ ಹಳೆಯ ಬಟ್ಟೆ ಹೊರಬಂದವೆಂದೂ, ಬೆಂಗಳೂರಿನಲ್ಲಿ ಅವನ್ನು ಯಾರಿಗೆ ಕೊಟ್ಟರೆ ಒಳ್ಳೆಯದೆಂದೂ ಕೇಳಿ ಬರೆದಿದ್ದೀಯೆ. ಒಂದು ಹೆಸರು ತಿಳಿಸಿದ್ದರೆ ನಿನ್ನ ಕೆಲಸ ಮುಗಿಯುತ್ತಿತ್ತು. ಆದರೆ ಕಳೆದ ತಿಂಗಳು ಧಾರವಾಡದ ನಮ್ಮ ಮನೆಯಲ್ಲಿ ನಡೆದದ್ದನ್ನು ನಿನಗೆ ಹೇಳದೆ ಇರಲಾರೆ.

ಅವ್ವನ ಸೀರೆಗಳನ್ನೂ ಅಪ್ಪನ ಧೋತರಗಳನ್ನೂ ಕೌದಿ ಹೊಲಿಸಲೆಂದು ತೆಗೆದಿಟ್ಟಿದ್ದೆವು. ಹೊಲಿಯಲು ಬಂದ ಅಜ್ಜಿ, ಅವುಗಳ ಜೊತೆ ನಾನು ಸೇರಿಸಿದ್ದ ನನ್ನ ಎಂಟು ಅಂಗಿಗಳನ್ನು ಒಂದೊಂದಾಗಿ ಬೆರಳುಗಳ ನಡುವೆ ತಿಕ್ಕಿ ನೋಡಿ, ಐದನ್ನು ಬದಿಗೆ ಸರಿಸಿದರು. 'ಇವು ಜಾರತಾವ, ಬೆವರು ಹೀರೂದಿಲ್ಲ, ಕೌದಿಗೆ ಬ್ಯಾಡ' ಎಂದರು. ಇಪ್ಪತ್ತು ವರ್ಷ ಉಟ್ಟ ನೂಲಿನ ಸೀರೆ ಇನ್ನೂ ಹಾಸಿಗೆಯ ಮೇಲೆ ಬಾಳುವುದಿತ್ತು. ಎರಡು ವರ್ಷವೂ ತುಂಬದ ನನ್ನ ಆ ಐದು ಅಂಗಿಗಳಿಗೆ ಮುಂದೆ ದಾರಿಯಿರಲಿಲ್ಲ. ಆ ದಿನ ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕೌದಿಯನ್ನು ನೀನು ನೋಡಿರಬಹುದು. ಅವರು ಅಂಚಿನಿಂದ ಆರಂಭಿಸಿ, ತುಂಡಿಗೆ ತುಂಡು ಕೂಡಿಸುತ್ತ, ಸುತ್ತು ಸುತ್ತಾಗಿ ನಡುವಿನ ಕಡೆಗೆ ಹೊಲಿಯುತ್ತ ಬರುತ್ತಾರೆ. ನಾಲ್ಕು ಮೂಲೆಗಳಿಗೆ ತ್ರಿಕೋನವಾಗಿ ಮಡಚಿದ ಬಟ್ಟೆಯ 'ಫೂಲ' ಕೂಡಿಸದಿದ್ದರೆ ಕೌದಿ ಪೂರ್ಣವಾಯಿತೆಂದು ಅವರು ಒಪ್ಪುವುದಿಲ್ಲ. ಬಟ್ಟೆಯನ್ನು ಎಸೆಯದೆ ಮತ್ತೆ ಮತ್ತೆ ಬಳಕೆಗೆ ತರುವ, ವರ್ತುಲ ಫ್ಯಾಷನ್ ಎಂದು ಇಂದು ಕರೆಯುವುದನ್ನು ಇಷ್ಟು ಚೆಂದವಾಗಿ ಮಾಡಿ ತೋರಿಸಿದವರು ನನಗೆ ಬೇರೆ ಕಂಡಿಲ್ಲ.

ಕಾರ್ಖಾನೆಗಳು ನಮ್ಮ ಹಳೆಯ ಬಟ್ಟೆಯನ್ನೆಲ್ಲ ಹೊಸದಾಗಿಸುತ್ತವೆ ಎಂದು ನಾನೂ ನಂಬಿದ್ದೆ. ಹರಿಯಾಣದ ಪಾಣಿಪತ್‌ನಲ್ಲಿ ವಿದೇಶಗಳಿಂದ ಬಂದ ಹಳೆಯ ಉಣ್ಣೆ ಬಟ್ಟೆಗಳ ಗುಂಡಿ, ಜಿಪ್‌ಗಳನ್ನು ಕಿತ್ತು, ಬಣ್ಣಕ್ಕೆ ತಕ್ಕಂತೆ ಬೇರ್ಪಡಿಸಿ, ಹಿಂಜಿ, ಮತ್ತೆ ನೂಲು ತೆಗೆದು ಕಂಬಳಿ ನೇಯುತ್ತಾರೆ. ಬಣ್ಣ ಮೊದಲೇ ವಿಂಗಡವಾಗಿರುವುದರಿಂದ ಹೊಸದಾಗಿ ಬಣ್ಣ ಹಾಕುವ ಅಗತ್ಯವೂ ಹೆಚ್ಚಾಗಿ ಬೀಳುವುದಿಲ್ಲ. ಆದರೆ ಹಿಂಜಿದಾಗ ಎಳೆ ಗಿಡ್ಡವಾಗಿ ನೂಲು ದುರ್ಬಲವಾಗುತ್ತದೆ. ಹತ್ತಿಯ ಜೊತೆ ಪಾಲಿಯೆಸ್ಟರ್ ಬೆರೆತ ಬಟ್ಟೆಯಲ್ಲಿ ಒಂದನ್ನು ಇನ್ನೊಂದರಿಂದ ಬಿಡಿಸುವುದೇ ಕಷ್ಟ. ಎಲ್ಲಿಯೂ ಸಲ್ಲದ ಬಟ್ಟೆ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಸುರಿದ ಬಟ್ಟೆಯ ರಾಶಿಗಳೇ ಸಾಕ್ಷಿ.

ಆದ್ದರಿಂದ ಬಟ್ಟೆಯ ಮುಂದಿನ ಬಾಳು ಅದನ್ನು ಕೊಳ್ಳುವ ದಿನವೇ ಬಹುಮಟ್ಟಿಗೆ ತೀರ್ಮಾನವಾಗುತ್ತದೆ ಎಂಬುದು ಈಗ ನನ್ನ ಅಭಿಪ್ರಾಯ. ಒಂದು ಹತ್ತಿ ಟಿ-ಶರ್ಟಿಗೆ ಸುಮಾರು 2,700 ಲೀಟರ್ ನೀರು ಬೇಕೆಂಬ ಅಂದಾಜಿದೆ. ಅಷ್ಟು ನೀರು ಕುಡಿದ ಬಟ್ಟೆಯನ್ನು ಹತ್ತು ಸಲ ತೊಟ್ಟು ಬಿಡುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ನಾನೀಗ ಅಂಗಡಿಯಲ್ಲಿ ಬೆಲೆಯ ಚೀಟಿಗಿಂತ ಮೊದಲು ಒಳಗಿನ ಪಟ್ಟಿಯಲ್ಲಿ ಯಾವ ನೂಲೆಂದು ಓದುತ್ತೇನೆ, ಬಟ್ಟೆಯನ್ನು ತಿರುವಿ ಹೊಲಿಗೆ ನೋಡುತ್ತೇನೆ. ನಮ್ಮ ಓಣಿಯ ಟೈಲರ್ ಅವ್ವನ ಕುಪ್ಪಸದ ಒಳಗೆ ಹೆಚ್ಚು ಬಟ್ಟೆ ಬಿಟ್ಟು ಹೊಲಿಯುತ್ತಾರೆ, ಮೈ ತುಂಬಿಕೊಂಡರೆ ಒಂದು ಹೊಲಿಗೆ ಬಿಚ್ಚಿದರಾಯಿತು. ಅಗ್ಗದ ಸಿದ್ಧ ಉಡುಪಿನಲ್ಲಿ ಆ ಅವಕಾಶವೇ ಇರುವುದು ಅಪರೂಪ.

ಇನ್ನು ನಿನ್ನ ಮೂಟೆಗಳು. ಮೊದಲು ಎಲ್ಲವನ್ನೂ ಹಾಸಿಗೆಯ ಮೇಲೆ ಸುರಿದು, ಗುಂಡಿ ಬಿದ್ದದ್ದು, ಜಿಪ್ ಕೆಟ್ಟದ್ದು, ತೋಳು ಉದ್ದವಾದದ್ದು ಎಂಬಷ್ಟಕ್ಕೇ ಬಿಟ್ಟವುಗಳನ್ನು ಆರಿಸಿ ಟೈಲರ್ ಬಳಿ ಒಯ್ಯಿ. ಒಂದು ಮೂಟೆಯಾದರೂ ನಿನ್ನ ಕಪಾಟಿಗೇ ಮರಳೀತು. ತೊಡಲು ಯೋಗ್ಯವಾಗಿದ್ದೂ ನಿನಗೆ ಬೇಡವಾದವನ್ನು ಒಗೆದು, ಮಡಚಿ, ಗೂಂಜ್ ಸಂಸ್ಥೆಗೆ ಕೊಡು. ಅಂಶು ಗುಪ್ತಾ 1999ರಲ್ಲಿ ಆರಂಭಿಸಿದ ಈ ಸಂಸ್ಥೆ ಬಟ್ಟೆಯನ್ನು ಭಿಕ್ಷೆಯಾಗಿ ಹಂಚದೆ, ತಮ್ಮ ಊರಿನ ಕೆರೆ, ರಸ್ತೆಗಳಿಗಾಗಿ ದುಡಿದ ಹಳ್ಳಿಗರ ಶ್ರಮಕ್ಕೆ ಪ್ರತಿಯಾಗಿ ಕೊಡುತ್ತದೆ. ಹರಿದದ್ದನ್ನೂ ಕಲೆಯಾದದ್ದನ್ನೂ ಅವರ ತಲೆಗೆ ಕಟ್ಟಬೇಡ.

ಹಾಗೆ ಉಳಿದವುಗಳಲ್ಲಿ ಹತ್ತಿಯವನ್ನು ದೀಪಾವಳಿಗೆ ಬರುವಾಗ ಇಲ್ಲಿಗೆ ತಾ. ಅಜ್ಜಿಯ ಕೌದಿಗೆ ಇನ್ನೂ ಒಂದು ಪದರ ಬೇಕಾಗಿದೆ, ನನ್ನ ಮೂರು ಅಂಗಿಗಳು ಅದಕ್ಕೆ ಸಾಲಲಿಲ್ಲ.

ನಿನ್ನ ಗೆಳೆಯ