ಈ ಬೇಸಿಗೆಯಿಂದ ಕೂಲರಿಗೆ ನಿಧಾನ ತಿರುಗುವ ಮೋಟಾರು

ಪ್ರಿಯ ಗ್ರಾಹಕರೇ,

ನಮ್ಮ ತಗಡಿನ ಕೂಲರುಗಳಲ್ಲಿ ಇದುವರೆಗೆ 16 ಇಂಚಿನ ರೆಕ್ಕೆ, ನಿಮಿಷಕ್ಕೆ 1400 ಸುತ್ತಿನ ಮೋಟಾರು ಇರುತ್ತಿತ್ತು. ಈ ಬೇಸಿಗೆಯಿಂದ 18 ಇಂಚಿನ ರೆಕ್ಕೆ, 900 ಸುತ್ತಿನ ಮೋಟಾರು ಕೂರಿಸುತ್ತಿದ್ದೇವೆ. ಅಂಗಡಿಯಲ್ಲಿ ಚಾಲೂ ಮಾಡಿ ತೋರಿಸಿದರೆ "ಫ್ಯಾನ್ ಮೆಲ್ಲಕ ತಿರಗತೈತಲ್ರೀ, ವೋಲ್ಟೇಜ್ ಕಮ್ಮಿ ಐತೇನು?" ಎಂದು ಕೇಳುವವರೇ ಹೆಚ್ಚು. ವೋಲ್ಟೇಜ್ ಸರಿಯಾಗೇ ಇದೆ. ಸದ್ದು ಇಳಿಯಲಿ ಎಂದೇ ಹೀಗೆ ಮಾಡಿದ್ದು.

ರಾಯಚೂರಿನ ಓಣಿಗಳಲ್ಲಿ ಕೂಲರು ಕಿಟಕಿಯ ಹೊರಗೆ ಕೂರುತ್ತದೆ. ಗಾಳಿ ನಿಮಗೆ, ಸದ್ದು ಎದುರುಮನೆಗೆ ಮತ್ತು ಪಕ್ಕದ ಮಾಳಿಗೆಯ ಮೇಲೆ ಮಲಗಿದವರಿಗೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ನಿಯಮ ಇರಲಿ, ನೆರೆಹೊರೆಯವರ ನಿದ್ದೆಯೂ ಮುಖ್ಯ.

ಲೆಕ್ಕ ಹೀಗಿದೆ. ಒಂದೇ ನಮೂನೆಯ ರೆಕ್ಕೆಯಾದರೆ ಸುತ್ತು ಕಡಿಮೆಯಾದಷ್ಟೇ ಪ್ರಮಾಣದಲ್ಲಿ ಗಾಳಿ ಕಡಿಮೆಯಾಗುತ್ತದೆ, ಸದ್ದು ಮಾತ್ರ ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ. 1400ರಿಂದ 900ಕ್ಕೆ ಬಂದರೆ ಸುಮಾರು ಒಂಬತ್ತೂವರೆ ಡೆಸಿಬಲ್ ಉಳಿತಾಯ. ರೆಕ್ಕೆ ದೊಡ್ಡದಾದ್ದರಿಂದ ಅದರಲ್ಲಿ ಮೂರೂವರೆ ವಾಪಸ್ ಹೋಗುತ್ತದೆ. ಉಳಿಯುವುದು 6ರಷ್ಟು. ಗಾಳಿ ಮೊದಲಿನ ನೂರಕ್ಕೆ 90ರಷ್ಟು ಬರುತ್ತದೆ, ರೆಕ್ಕೆ ತಿರುಗಿಸಲು ಬೇಕಾದ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕೊರತೆಯನ್ನೂ ಹೇಳಿಬಿಡುತ್ತೇವೆ: ಅದೇ ಗಾಳಿ ಅಗಲವಾಗಿ ಬರುವುದರಿಂದ ದೂರಕ್ಕೆ ಹೊಡೆಯುವುದಿಲ್ಲ. ಮಂಚ ಹತ್ತು ಅಡಿಗಿಂತ ದೂರವಿದ್ದರೆ ಸ್ವಲ್ಪ ಮುಂದಕ್ಕೆ ಎಳೆದುಕೊಳ್ಳಿ.

"ಹಳೇ ಮೋಟಾರಿಗೇ ಡಿಮ್ಮರ್ ಹಾಕಿಸಿದರೆ ಆಗದೇ?" ಎಂದೂ ಕೇಳುತ್ತಾರೆ. ಡಿಮ್ಮರು ಕರೆಂಟಿನ ಅಲೆಯನ್ನು ಕತ್ತರಿಸಿ ಕೊಡುತ್ತದೆ. ಮೋಟಾರು ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ, ಗಾಳಿಯೂ ಬಹಳ ಇಳಿಯುತ್ತದೆ. ನಾವು ಅದನ್ನು ಹಾಕಿಕೊಡುವುದಿಲ್ಲ.

ಇನ್ನೊಂದು ಬದಲಾವಣೆ ಕಣ್ಣಿಗೆ ಬೀಳುವುದಿಲ್ಲ. ಮೋಟಾರಿನ ಪಟ್ಟಿಗೂ ತಗಡಿಗೂ ನಡುವೆ ನಾಲ್ಕು ರಬ್ಬರ್ ಬುಷ್ ಇಟ್ಟಿದ್ದೇವೆ. ಮೋಟಾರಿನ ನಡುಕ ನೇರವಾಗಿ ತಗಡಿಗೆ ಹತ್ತಿದರೆ ಇಡೀ ಡಬ್ಬಿ ಹಲಗೆ ವಾದ್ಯದಂತೆ ಸದ್ದು ಮಾಡುತ್ತದೆ. ಮನೆಯಲ್ಲೇ ರಬ್ಬರ್ ಹಾಕಿಕೊಳ್ಳುವವರು ಒಂದು ಮಾತು ಗಮನಿಸಿ. ರಬ್ಬರ್ ಬಂದ ಮೇಲೆ ಮೋಟಾರಿಗೂ ತಗಡಿಗೂ ಇದ್ದ ಲೋಹದ ಸಂಪರ್ಕ ತಪ್ಪುತ್ತದೆ. ಮೋಟಾರಿನ ಮೈಯಿಂದ ಕೂಲರಿನ ತಗಡಿಗೆ ಬೇರೆ ಅರ್ಥಿಂಗ್ ವೈರು ಎಳೆಯಲೇಬೇಕು, ಪ್ಲಗ್ಗು ಮೂರು ಪಿನ್ನಿನದೇ ಇರಬೇಕು. ನೀರು ನಿಂತಿರುವ ತಗಡಿನ ಡಬ್ಬಿ ಅದು.

ಹಳೇ ಕೂಲರು ಇರುವವರೆಲ್ಲ ಮೋಟಾರು ಬದಲಿಸಬೇಕಿಲ್ಲ. ಮೊದಲು ಸದ್ದು ಎಲ್ಲಿಯದು ನೋಡಿ. ಪಂಪನ್ನಷ್ಟೇ ಓಡಿಸಿ, ಗರಗರ ಎಂದರೆ ನೀರು ಕಡಿಮೆಯಾಗಿ ಪಂಪು ಗಾಳಿ ಎಳೆಯುತ್ತಿದೆ. ಆಮೇಲೆ ಫ್ಯಾನು ಪೂರಾ ಓಡುವಾಗ ಸ್ವಿಚ್ ಆರಿಸಿ ಕಿವಿಗೊಡಿ. ರೆಕ್ಕೆ ಇನ್ನೂ ತಿರುಗುತ್ತಿರುವಾಗಲೇ ಸದ್ದು ತಟ್ಟನೆ ನಿಂತರೆ ದೋಷ ಮೋಟಾರಿನ ಕರೆಂಟಿನದು, ಕಂಡೆನ್ಸರ್ (ಮೋಟಾರಿನ ಕೆಪಾಸಿಟರ್) ಪರೀಕ್ಷಿಸಿ. ರೆಕ್ಕೆಯ ಜೊತೆಗೇ ನಿಧಾನವಾಗಿ ಅಡಗಿದರೆ ರೆಕ್ಕೆಯ ತೂಕ ಸಮ ಇಲ್ಲ, ಇಲ್ಲವೇ ಮೋಟಾರಿನ ಒಳಗೆ ಶಾಫ್ಟ್ ತಿರುಗುವ ಬುಷ್ ಎಣ್ಣೆಯಿಲ್ಲದೆ ಒಣಗಿದೆ.

ಬೋರಿನ ಗಡಸು ನೀರಿನಿಂದ ರೆಕ್ಕೆಯ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ, ಒಂದರ ಮೇಲೆ ಹೆಚ್ಚು, ಇನ್ನೊಂದರ ಮೇಲೆ ಕಮ್ಮಿ. ಪ್ಲಗ್ಗು ಕಿತ್ತು, ರೆಕ್ಕೆ ಬಿಚ್ಚಿ, ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕಲಸಿ ಅರ್ಧ ಗಂಟೆ ನೆನೆಸಿ ಉಜ್ಜಿ. ಚಾಕುವಿನಿಂದ ಕೆರೆಯಬೇಡಿ, ರೆಕ್ಕೆ ಬಾಗುತ್ತದೆ. ವಾಪಸ್ ಹಾಕಿದ ಮೇಲೆ ರೆಕ್ಕೆಯ ಸುತ್ತಲಿನ ತಗಡಿನ ರಿಂಗಿನ ಹತ್ತಿರ ಒಂದು ಪೆನ್ಸಿಲ್ ಹಿಡಿದು ಕೈಯಿಂದ ತಿರುಗಿಸಿ ನೋಡಿ. ಎಲ್ಲ ತುದಿಗಳೂ 2–3 ಮಿಲಿಮೀಟರ್ ಅಂತರದೊಳಗೆ ಹಾಯಬೇಕು.

ಹುಲ್ಲಿನ ಪ್ಯಾಡು ಮಣ್ಣು ಹಿಡಿದಿದ್ದರೂ, ಕೋಣೆಯ ಗಾಳಿ ಹೊರಹೋಗಲು ಇನ್ನೊಂದು ಕಿಟಕಿ ತೆರೆದಿಲ್ಲದಿದ್ದರೂ ಫ್ಯಾನು ಉಸಿರುಗಟ್ಟಿ ಭೋರ್ಗರೆಯುತ್ತದೆ. ಕೂಲರನ್ನು ಕಿಟಕಿಯ ಸರಳಿಗೆ ತಂತಿಯಿಂದ ಬಿಗಿಯಬೇಡಿ. ಆಂಗಲ್ ಸ್ಟ್ಯಾಂಡಿನ ಮೇಲಿಟ್ಟು, ನಾಲ್ಕೂ ಕಾಲಿನಡಿ 10 ಮಿಲಿಮೀಟರ್ ದಪ್ಪದ ರಬ್ಬರ್ ತುಂಡು ಹಾಕಿ, ಕಿಟಕಿಗೆ ಅರ್ಧ ಇಂಚು ಸಂದು ಬಿಟ್ಟು ಅದಕ್ಕೆ ಫೋಮ್ ಪಟ್ಟಿ ತುರುಕಿ.

ಇಷ್ಟಾದರೂ ಸದ್ದು ಇಳಿಯದಿದ್ದರೆ ಮೋಟಾರು, ರೆಕ್ಕೆ, ರಿಂಗು ಮೂರನ್ನೂ ಬದಲಿಸಿಕೊಡುತ್ತೇವೆ. ಹೊಸ ಮೋಟಾರಿಗೆ ಅದರ ಚೀಟಿಯಲ್ಲಿ ಬರೆದ ಕಂಡೆನ್ಸರೇ ಬೇಕು, ಹಳೆಯದು ನಡೆಯದು. ಮುಂಭಾಗದ ತಗಡು 24 ಇಂಚಿಗಿಂತ ಕಿರಿದಾದ ಕೂಲರುಗಳಿಗೆ ಈ ಕೆಲಸ ಆಗುವುದಿಲ್ಲ. ರೆಕ್ಕೆಯ ಸುತ್ತ ಅರ್ಧ ಇಂಚು ಜಾಗ ಬಿಟ್ಟು 19 ಇಂಚಿನ ರಿಂಗು ಕೂರಬೇಕು. ಬರುವ ಮುಂಚೆ ಟೇಪು ಹಿಡಿದು ಅಳೆದು ಬನ್ನಿ, ಸುಮ್ಮನೆ ಆಟೋ ಬಾಡಿಗೆ ದಂಡವಾಗುವುದು ಬೇಡ.

ಇಂತಿ,
ಕೂಲರ್ ತಯಾರಿಕೆ ಮತ್ತು ರಿಪೇರಿ ವಿಭಾಗ
ರಾಯಚೂರು