ಆಪ್ಷನ್ ಎಂಟ್ರಿಗೆ ನೆರವಾದ ಅಕ್ಕನಿಗೆ

ಡಾಕ್ಟರರ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ನೀಟ್ ಪಿಜಿಯ ರ‍್ಯಾಂಕ್ ಬಂದಿತ್ತು. ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ಬೇಕಾದ ಕೋರ್ಸು-ಕಾಲೇಜುಗಳನ್ನು ಕ್ರಮವಾಗಿ ತುಂಬುವ ಆಪ್ಷನ್ ಎಂಟ್ರಿ ಮಾತ್ರ ಮುಗಿದಿರಲಿಲ್ಲ. "ಸಿಗುವ ಸೀಟನ್ನೇ ಮೇಲೆ ಹಾಕು" ಅಂತ ಎಲ್ಲರ ಉಪದೇಶ. ಮಂಗಳೂರಿನ ಹಂಪನಕಟ್ಟೆಯ ಹೋಟೆಲಿನಲ್ಲಿ ಲ್ಯಾಪ್‌ಟಾಪ್ ಎದುರು ತಲೆ ಹಿಡಿದು ಕೂತಿದ್ದೆ.

ಪಕ್ಕದ ಟೇಬಲಿನ ಅಕ್ಕ, ಅವರೂ ಡಾಕ್ಟರಂತೆ, "ಎಂತ ಮಾರಾಯ್ತಿ, ಕೌನ್ಸೆಲಿಂಗಾ?" ಅಂತ ಕುರ್ಚಿ ಎಳೆದುಕೊಂಡರು. ಗೋಳಿಬಜೆ ತಟ್ಟೆ ಬದಿಗೆ ಸರಿಸಿ, ಬಿಲ್ಲಿನ ಹಿಂದೆ ಪಟ್ಟಿ ಬರೆಸಿದರು. "ಮೇಲಿನದು ಸಿಗದಿದ್ರೆ ಮಾತ್ರ ಕೆಳಗಿನದು ನೋಡೋದು. ಇಷ್ಟದ್ದೇ ಮೊದಲು ಹಾಕು. ಸಿಕ್ಕಿದ್ರೂ ಸೇರೋದಿಲ್ಲ ಅನ್ನುವುದನ್ನು ಹಾಕಲೇಬೇಡ." ಆಮೇಲೆ ಪೆನ್ನಿನ ತುದಿಯನ್ನು ರೇಡಿಯಾಲಜಿ ಮೇಲಿಟ್ಟು, "ಇದು ನಿನಗೆ ಬೇಕಾ, ಅಪ್ಪನಿಗಾ?" ಅಂದರು. ನನಗೆ ನಗು ಬಂತು. ಪೀಡಿಯಾಟ್ರಿಕ್ಸ್ ಮೇಲೇರಿತು.

ಅವರ ಚಹಾ ತಣ್ಣಗಾಗಿತ್ತು. ಅಷ್ಟರಲ್ಲಿ ವಾರ್ಡಿನಿಂದ ಫೋನ್, ಓಡಿದರು. ಹೆಸರೂ ಕೇಳಲಾಗಲಿಲ್ಲ. ಆ ರಾತ್ರಿ ಒಳ್ಳೆ ನಿದ್ದೆ ಬಂತು.

ಅಕ್ಕಾ, ಥ್ಯಾಂಕ್ಸ್. ಬಿಸಿ ಚಹಾ ಒಂದು ಬಾಕಿ ಇದೆ, ಅಲ್ವಾ?